ಡಿ4 ಎದುರು ಕಪ್ಪಿಗೆ ಗಟ್ಟಿ ಆರಂಭ ಯಾವುದು? ಸಿ8ರ ಒಂಟೆಯಿಂದ ಲೆಕ್ಕ ಹಾಕೋಣ

ಪ್ರಶ್ನೆ: ನಾನು ಗದಗಿನ ಪ್ರೌಢಶಾಲೆಯೊಂದರಲ್ಲಿ ಶಿಕ್ಷಕ, ವಯಸ್ಸು 41. ಮೂರು ವರ್ಷಗಳಿಂದ ಹುಬ್ಬಳ್ಳಿ-ಧಾರವಾಡದ ಕಡೆ ನಡೆಯುವ ಚೆಸ್ ಟೂರ್ನಿಗಳಲ್ಲಿ ಆಡುತ್ತಿದ್ದೇನೆ. ರೇಟಿಂಗ್ 1550ರ ಆಸುಪಾಸಿನಲ್ಲಿದೆ. ಎದುರಾಳಿ ಇ4 ಆಡಿದರೆ ಕಾರೊ-ಕಾನ್ ಆಡಿ ನಿಭಾಯಿಸುತ್ತೇನೆ. ಡಿ4 ಆಡಿದರೆ ಕಿಂಗ್ಸ್ ಇಂಡಿಯನ್ ಆಡುತ್ತೇನೆ, ಹತ್ತರಲ್ಲಿ ಏಳು ಸಲ ಸೋಲುತ್ತೇನೆ. ಓದಲು ದಿನಕ್ಕೆ ಅರ್ಧ ಗಂಟೆಗಿಂತ ಹೆಚ್ಚು ಸಿಗುವುದಿಲ್ಲ. ಕ್ವೀನ್ಸ್ ಗ್ಯಾಂಬಿಟ್ ಡಿಕ್ಲೈನ್ಡ್ ಆಡಿ ಎಂದು ಗೆಳೆಯರೊಬ್ಬರು ಹೇಳಿದರು. ಅದರಲ್ಲಿ ಒಂಟೆ ಸತ್ತಂತೆ ಬಿದ್ದಿರುತ್ತದೆ, ಡ್ರಾ ಬಿಟ್ಟು ಬೇರೇನೂ ಸಿಗದು ಎಂದು ಇನ್ನೊಬ್ಬರು ಹೇಳಿದರು. ಯಾರ ಮಾತು ಕೇಳಲಿ?

ಉತ್ತರ: ಇಬ್ಬರೂ ಅರ್ಧರ್ಧ ಸರಿ ಹೇಳಿದ್ದಾರೆ. ಕ್ವೀನ್ಸ್ ಗ್ಯಾಂಬಿಟ್ ಡಿಕ್ಲೈನ್ಡ್ ನಿಮಗೆ ಹೊಂದುವ ಆರಂಭ ಎಂಬುದು ನಿಜ. ಅದರಲ್ಲಿ ಸಿ8ರ ಒಂಟೆ ತನ್ನದೇ ಕಾಲಾಳಿನ ಹಿಂದೆ ಸಿಕ್ಕಿಕೊಳ್ಳುತ್ತದೆ ಎಂಬುದೂ ನಿಜ. ಆದರೆ ಅದು ಆಟ ಮುಗಿಯುವವರೆಗೂ ಅಲ್ಲೇ ಬಿದ್ದಿರಬೇಕು ಎಂದು ಎರಡನೆಯ ಗೆಳೆಯರು ತಿಳಿದಿದ್ದರೆ, ಅವರು ಈ ಆರಂಭವನ್ನು ಅರ್ಧಕ್ಕೇ ಕಲಿತು ಬಿಟ್ಟವರಿರಬೇಕು. ನನ್ನ ಲೆಕ್ಕದಲ್ಲಿ ಈ ಆರಂಭವನ್ನು ಕಲಿಯುವುದೆಂದರೆ ಆ ಒಂದು ಕಾಯಿಗೆ ಯಾವ ಸ್ಥಿತಿಯಲ್ಲಿ ಯಾವ ದಾರಿ ತೆರೆಯಬೇಕು ಎಂಬುದನ್ನು ಕಲಿಯುವುದು; ಉಳಿದ ಕಾಯಿಗಳು ಹೆಚ್ಚುಕಡಿಮೆ ತಾವಾಗಿಯೇ ತಮ್ಮ ಜಾಗಕ್ಕೆ ಹೋಗಿ ನಿಲ್ಲುತ್ತವೆ. ಆದ್ದರಿಂದ ಈ ಉತ್ತರದ ಉದ್ದಕ್ಕೂ ಆ ಒಂಟೆಯ ಬೆನ್ನು ಹಿಡಿದೇ ಹೋಗುತ್ತೇನೆ. ಮನೆಯ ಹೆಸರಿನಲ್ಲಿ ಅಕ್ಷರ ನಿಂತ ಸಾಲನ್ನು, ಅಂಕಿ ಅಡ್ಡ ಸಾಲನ್ನು ಹೇಳುತ್ತದೆ. ನಡೆಗಳನ್ನು ಬರೆಯುವಾಗ ಮೊದಲು ಬಿಳಿಯದು, ನಂತರ ಕಪ್ಪಿನದು; ಸಂಖ್ಯೆಯ ಮುಂದೆ ಮೂರು ಚುಕ್ಕಿ ಇದ್ದರೆ ಅದು ಕಪ್ಪಿನ ನಡೆ. ಕಾಯಿಯ ಹೆಸರಿಲ್ಲದಿದ್ದರೆ ಅದು ಕಾಲಾಳಿನ ನಡೆ. × ಗುರುತು ಇದ್ದಲ್ಲಿ ಕಾಯಿ ಹೊಡೆದಿದೆ ಎಂದು ಓದಿಕೊಳ್ಳಿ.

ಮೊದಲು ಕಿಂಗ್ಸ್ ಇಂಡಿಯನ್ ಕುರಿತು ಎರಡು ಮಾತು. ಅದು ಕೆಟ್ಟ ಆರಂಭವಲ್ಲ. ಫಿಷರ್, ಕಾಸ್ಪರೋವ್ ಅವರಂಥವರು ಅದನ್ನೇ ಆಡಿ ದೊಡ್ಡ ದೊಡ್ಡ ಆಟಗಳನ್ನು ಗೆದ್ದಿದ್ದಾರೆ. ಆದರೆ ಅಲ್ಲಿ ಕಪ್ಪು ಹಲಗೆಯ ನಡುಭಾಗವನ್ನು ಬಿಳಿಗೆ ಬಿಟ್ಟುಕೊಟ್ಟು, ಆಮೇಲೆ ಇ5 ಅಥವಾ ಸಿ5 ಆಡಿ ಅದನ್ನು ಒಡೆಯುತ್ತೇನೆ ಎಂಬ ಭರವಸೆಯ ಮೇಲೆ ಬದುಕುತ್ತದೆ. ಒಡೆಯುವ ಗಳಿಗೆ ಒಂದೆರಡು ನಡೆ ತಪ್ಪಿದರೆ ಕಾಯಿಗಳಿಗೆ ಉಸಿರಾಡಲು ಜಾಗ ಉಳಿಯುವುದಿಲ್ಲ. ಆ ಗಳಿಗೆಯನ್ನು ಗುರುತಿಸಲು ಬೇಕಾದಷ್ಟು ಆಟಗಳನ್ನು ನೋಡಲು ದಿನದ ಅರ್ಧ ಗಂಟೆ ಸಾಲದು. ಆ ಆರಂಭದ ಹೆಸರಿನಲ್ಲಿ ನಮ್ಮ ದೇಶ ಇರುವುದು, ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಕಲ್ಕತ್ತೆಯಲ್ಲಿ ಮಹೇಶಚಂದ್ರ ಬ್ಯಾನರ್ಜಿ ಎಂಬವರು ಸ್ಕಾಟ್ಲೆಂಡಿನ ಜಾನ್ ಕಾಕ್ರೇನ್ ಎದುರು ಅಂಥ ಆಟ ಆಡಿದ್ದರಿಂದ. ಹೆಸರಿನ ಋಣ ತೀರಿಸಲು ನೀವು ಪಾಯಿಂಟ್ ಕಳೆದುಕೊಳ್ಳಬೇಕಾಗಿಲ್ಲ.

ಈಗ ವಿಷಯಕ್ಕೆ ಬರೋಣ. 1.ಡಿ4 ಡಿ5 2.ಸಿ4. ಬಿಳಿ ತನ್ನ ಸಿ ಕಾಲಾಳನ್ನು ಬಲಿ ಕೊಡುವಂತೆ ಕಾಣುತ್ತದೆ, ಗ್ಯಾಂಬಿಟ್ ಎಂಬ ಹೆಸರು ಬಂದದ್ದೂ ಅದಕ್ಕೇ. ಆದರೆ ಅದನ್ನು ಹೊಡೆದು ದಕ್ಕಿಸಿಕೊಳ್ಳಲು ಹೋದರೆ ಏನಾಗುತ್ತದೆ ನೋಡಿ: 2...ಡಿ×ಸಿ4 3.ಇ3 ಬಿ5 4.ಎ4 ಸಿ6 5.ಎ×ಬಿ5 ಸಿ×ಬಿ5 6.ರಾಣಿ ಎಫ್3. ಮೂಲೆಯಲ್ಲಿರುವ ಎ8ರ ಆನೆಗೆ ಓಡಲು ಮನೆಯಿಲ್ಲ. ಅದನ್ನು ಉಳಿಸಲು ಕುದುರೆಯನ್ನೋ ಒಂಟೆಯನ್ನೋ ಅಡ್ಡ ಹಾಕಿ ಕಳೆದುಕೊಳ್ಳಬೇಕು. ನೀವು ಶಿಕ್ಷಕರಾದ್ದರಿಂದ ಹೇಳುತ್ತೇನೆ, ಶಾಲೆಯಲ್ಲಿ ಮಕ್ಕಳಿಗೆ ಚೆಸ್ ಹೇಳಿಕೊಡುವಿರಾದರೆ ಈ ಆರು ನಡೆಗಳನ್ನು ಒಮ್ಮೆ ಹಲಗೆಯ ಮೇಲೆ ತೋರಿಸಿ. ಬಿಟ್ಟಿ ಸಿಕ್ಕದ್ದನ್ನು ದಕ್ಕಿಸಿಕೊಳ್ಳುವ ಆಸೆ ಅವರಿಗೆ ಅಲ್ಲಿಗೇ ಕಡಿಮೆಯಾಗುತ್ತದೆ.

ಹೊಡೆಯುವುದಿಲ್ಲ ಎಂದ ಮೇಲೆ ಡಿ5ರ ಕಾಲಾಳಿಗೆ ಬೆಂಬಲ ಬೇಕು. ಆ ಬೆಂಬಲ ಸಿ6ರಿಂದ ಕೊಟ್ಟರೆ ಅದು ಸ್ಲಾವ್, ಇ6ರಿಂದ ಕೊಟ್ಟರೆ ಡಿಕ್ಲೈನ್ಡ್. ನೀವು ಕಾರೊ-ಕಾನ್ ಆಡುವವರು; ಅಲ್ಲಿ ಒಂಟೆಯನ್ನು ಎಫ್5ಕ್ಕೆ ತಂದು ಆಮೇಲೆ ಇ6 ಆಡಿ ರೂಢಿಯಿರುವುದರಿಂದ ಸ್ಲಾವ್ ನಿಮಗೆ ಸಹಜವಾಗಿ ಒಗ್ಗಬಹುದು ಎಂದು ಯಾರಾದರೂ ಹೇಳಿದರೆ ಆ ವಾದವನ್ನು ನಾನು ತಳ್ಳಿಹಾಕಲಾರೆ. ಆದರೂ ನಾನು ಇ6 ಕಡೆಗೆ ವಾಲುತ್ತೇನೆ. ಸ್ಲಾವ್‌ನಲ್ಲಿ ಒಂಟೆ ಬೇಗ ಹೊರಬಿದ್ದರೆ ಹಿಂದೆ ಬಿ7ರ ಕಾಲಾಳಿಗೆ ಕಾವಲಿಲ್ಲ, ಬಿಳಿಯ ರಾಣಿ ಬಿ3ಕ್ಕೆ ಬಂದು ಕೂಡಲೇ ತೊಂದರೆ ಶುರು ಮಾಡುತ್ತದೆ. ಅದನ್ನು ತಪ್ಪಿಸಲು ಮೊದಲು ಸಿ4ರಲ್ಲಿ ಹೊಡೆದು ನಂತರ ಒಂಟೆಯನ್ನು ತರುವ ಮುಖ್ಯ ದಾರಿ ಹಿಡಿದರೆ ಬಾಯಿಪಾಠ ಮಾಡಬೇಕಾದ ಸಾಲುಗಳು ಬಹಳ. ಇ6 ಆಡುವವನು ಮಾತ್ರ, ಬಿಳಿ 1.ಸಿ4 ಎಂದು ಶುರು ಮಾಡಲಿ, 1.ಕುದುರೆ ಎಫ್3 ಎಂದು ಶುರು ಮಾಡಲಿ, ಬಹುಪಾಲು ಅದೇ ಐದಾರು ನಡೆಗಳನ್ನು ಆಡಿ ಅದೇ ಸ್ಥಿತಿಗೆ ಬಂದು ತಲುಪಬಹುದು.

ಆದರೆ ಬೆಲೆ ಕೊಡಲೇಬೇಕು. ಇ6 ಆಡಿದ ಗಳಿಗೆಯಲ್ಲೇ ಸಿ8ರ ಒಂಟೆಯ ಮುಂದಿನ ಅಗಸಿ ಬಾಗಿಲು ಮುಚ್ಚಿತು. ಇನ್ನು ಅದು ಹೊರಗೆ ಬರಬೇಕಾದರೆ ಮುಖ್ಯವಾಗಿ ಎರಡು ದಾರಿ. ಒಂದು, ಬಿ6 ಆಡಿ ಬಿ7ರ ಹಿತ್ತಿಲ ಬಾಗಿಲಿನಿಂದ. ಇನ್ನೊಂದು, ಸರಿಯಾದ ಸಮಯ ಬಂದಾಗ ಇ6ರ ಕಾಲಾಳನ್ನೇ ಜಾಗ ಬಿಡಿಸಿ ಮುಂಬಾಗಿಲಿನಿಂದ: ಅದು ತಾನೇ ಇ5ಕ್ಕೆ ನುಗ್ಗಬಹುದು, ಇಲ್ಲವೇ ಡಿ5ರಲ್ಲಿ ಹೊಡೆಯಬೇಕಾಗಿ ಬಂದು ಸರಿಯಬಹುದು. ಮುಂದೆ ನೀವು ಎದುರಿಸುವ ಪ್ರತಿಯೊಂದು ಸ್ಥಿತಿಯಲ್ಲೂ ಇವೆರಡರಲ್ಲಿ ಯಾವುದು ಎಂಬ ಪ್ರಶ್ನೆಯನ್ನೇ ಕೇಳಿಕೊಳ್ಳಿ.

ನಿಮಗೆ ನಾನು ಸೂಚಿಸುವ ಮುಖ್ಯ ದಾರಿ 1894ರಿಂದ 1921ರವರೆಗೆ ವಿಶ್ವ ಚಾಂಪಿಯನ್ ಆಗಿದ್ದ ಇಮ್ಯಾನುಯೆಲ್ ಲಾಸ್ಕರ್ ಅವರ ಹೆಸರಿನದು. 1.ಡಿ4 ಡಿ5 2.ಸಿ4 ಇ6 3.ಕುದುರೆ ಸಿ3 ಕುದುರೆ ಎಫ್6 4.ಒಂಟೆ ಜಿ5 ಒಂಟೆ ಇ7 5.ಇ3 ಕ್ಯಾಸಲಿಂಗ್ 6.ಕುದುರೆ ಎಫ್3 ಎಚ್6 7.ಒಂಟೆ ಎಚ್4 ಕುದುರೆ ಇ4. ಈ ಕೊನೆಯ ನಡೆಯೇ ಲಾಸ್ಕರ್ ರಕ್ಷಣೆಯ ತಿರುಳು. ಜಾಗ ಕಡಿಮೆ ಇರುವವನು ಕಾಯಿಗಳನ್ನು ಬದಲಾಯಿಸಿಕೊಳ್ಳಬೇಕು ಎಂಬ ಹಳೆಯ ನಿಯಮವನ್ನು ಇಷ್ಟು ನೇರವಾಗಿ ಪಾಲಿಸುವ ಆರಂಭ ಇನ್ನೊಂದಿಲ್ಲ. ಎರಡು ಕೋಣೆಯ ಮನೆಯಲ್ಲಿ ಎಂಟು ಜನ ಇದ್ದಾಗ ಇಬ್ಬರನ್ನು ಬೇರೆ ಊರಿಗೆ ಕಳಿಸಿದರೆ ಉಳಿದವರಿಗೆ ಕಾಲು ಚಾಚಲು ಆಗುವ ಹಾಗೆ. 8.ಒಂಟೆ×ಇ7 ರಾಣಿ×ಇ7 9.ಆನೆ ಸಿ1 ಸಿ6 10.ಒಂಟೆ ಡಿ3 ಕುದುರೆ×ಸಿ3 11.ಆನೆ×ಸಿ3 ಡಿ×ಸಿ4 12.ಒಂಟೆ×ಸಿ4 ಕುದುರೆ ಡಿ7 13.ಬಿಳಿಯ ಕ್ಯಾಸಲಿಂಗ್, ಮತ್ತು ಈಗ ಇ5. ಇಲ್ಲಿ ಸ್ವಲ್ಪ ಹೊತ್ತು ನಿಂತು ಹಲಗೆಯನ್ನು ನೋಡಿ. ಕಪ್ಪು ಒಂದು ಕುದುರೆ, ಒಂದು ಒಂಟೆಯನ್ನು ಬದಲಾಯಿಸಿಕೊಂಡಿದೆ, ರಾಜ ಭದ್ರವಾಗಿದ್ದಾನೆ, ಇ7ರ ರಾಣಿ ಮತ್ತು ಡಿ7ರ ಕುದುರೆ ಎರಡೂ ಇ5ರ ಬೆನ್ನಿಗಿವೆ, ಮುಚ್ಚಿದ್ದ ಬಾಗಿಲು ತೆರೆದಿದೆ. ಡಿ7ರ ಕುದುರೆ ಪಕ್ಕಕ್ಕೆ ಸರಿದರೆ ಒಂಟೆಗೆ ಸಿ8ರಿಂದ ಎಚ್3ರವರೆಗಿನ ಕರ್ಣ ಪೂರ್ತಿ ಸಿಗುತ್ತದೆ.

ಬಿಳಿ ಸಾಮಾನ್ಯವಾಗಿ 14.ಒಂಟೆ ಬಿ3 ಆಡುತ್ತದೆ. ಆಗ 14...ಇ×ಡಿ4 15.ಇ×ಡಿ4 ಕುದುರೆ ಎಫ್6 16.ಆನೆ ಇ1 ರಾಣಿ ಡಿ6. ಬಿಳಿಗೆ ಡಿ4ರಲ್ಲಿ ಒಂಟಿ ಕಾಲಾಳು, ನಿಮಗೆ ಎಫ್5 ಮನೆ ಒಂಟೆಗಾಗಿ ಕಾದಿದೆ. ಅಲ್ಲಿ ಯಾರಾದರೂ ಅದನ್ನು ಕೆಣಕಿದರೆ, ಮೊದಲೇ ಎಚ್6 ಆಡಿದ್ದರ ಲಾಭವಾಗಿ ಎಚ್7ರಲ್ಲಿ ನೆಲೆ ಇದೆ. ಬದಲಿಗೆ ಬಿಳಿ 14.ಡಿ×ಇ5 ಕುದುರೆ×ಇ5 15.ಕುದುರೆ×ಇ5 ರಾಣಿ×ಇ5 16.ಎಫ್4 ಎಂದು ರಾಣಿಯನ್ನು ಅಟ್ಟಿದರೆ, ರಾಣಿಯನ್ನು ಇ4ಕ್ಕೆ ಸರಿಸಿ. ಎಫ್6 ಸುರಕ್ಷಿತವಾಗಿ ಕಂಡರೂ ಅಲ್ಲಿಗೆ ಹೋದರೆ ಬಿಳಿ ಎಫ್5 ಆಡಿ, ನೀವು ಹದಿಮೂರು ನಡೆ ದುಡಿದು ತೆರೆದ ಬಾಗಿಲನ್ನು ಒಂದೇ ನಡೆಯಲ್ಲಿ ಮತ್ತೆ ಮುಚ್ಚಿಬಿಡುತ್ತದೆ.

ಇಲ್ಲಿ ಎಡವಿದವರನ್ನು ನಾನು ಬಹಳ ಕಂಡಿದ್ದೇನೆ. ನನ್ನ ಬಳಿ ಧಾರವಾಡದಲ್ಲಿ ಕಲಿಯುತ್ತಿದ್ದ ಕಾಲೇಜು ಹುಡುಗನೊಬ್ಬ ಹುಬ್ಬಳ್ಳಿಯ ಟೂರ್ನಿಯೊಂದರಲ್ಲಿ ಹನ್ನೆರಡು ನಡೆಗಳನ್ನು ಚಾಚೂ ತಪ್ಪದೆ ಆಡಿ, ಹದಿಮೂರನೆಯದಾಗಿ ಇ5 ಆಡುವ ಬದಲು ಕುದುರೆಯನ್ನು ಎಫ್6ಕ್ಕೆ ತಂದ. ಬಿಳಿಯ ಕುದುರೆ ಇ5ಕ್ಕೆ ಬಂದು ಕೂತಿತು, ಹಿಂದೆ ಎಫ್4 ಬಂತು, ಅಲ್ಲಿಂದಾಚೆಗೆ ಆ ಹುಡುಗ ಸುಮ್ಮನೆ ಏಟು ತಿನ್ನುತ್ತ ಹೋದ. ಸ್ಕೋರ್‌ಶೀಟ್ ತೆಗೆದು ನೋಡಿದಾಗ ಸಿ8ರ ಒಂಟೆ ಮೊದಲ ಬಾರಿ ಕದಲಿದ್ದು 38ನೆಯ ನಡೆಯಲ್ಲಿ, ಅದೂ ಡಿ7ಕ್ಕೆ. ಯಾಕಪ್ಪಾ ಇ5 ಆಡಲಿಲ್ಲ ಎಂದು ಕೇಳಿದರೆ, "ಸರ, ಪ್ಯಾದೆ ಹೋಗತೈತಿ ಅನಿಸ್ತರಿ" ಎಂದ. ಹೋಗುವುದಿಲ್ಲ ಎಂಬುದನ್ನು ಮೇಲೆ ತೋರಿಸಿದ ನಾಲ್ಕು ಹೊಡೆತಗಳನ್ನು ಎಣಿಸಿದರೆ ಸಾಕು, ಗೊತ್ತಾಗುತ್ತದೆ. ಅವನಿಗೆ ನಡೆಗಳು ನೆನಪಿದ್ದವು, ಆ ಹನ್ನೆರಡು ನಡೆ ಯಾವುದರ ತಯಾರಿ ಎಂಬುದು ತಿಳಿದಿರಲಿಲ್ಲ.

ಡ್ರಾ ಬಿಟ್ಟು ಬೇರೇನೂ ಸಿಗದು ಎಂಬ ಮಾತಿಗೆ ಉತ್ತರ 2010ರ ಮೇ 11ರಂದು ಸೋಫಿಯಾದಲ್ಲಿ ಸಿಕ್ಕಿದೆ. ವಿಶ್ವ ಚಾಂಪಿಯನ್‌ಶಿಪ್‌ನ ಹನ್ನೆರಡನೆಯ ಹಾಗೂ ಕೊನೆಯ ಆಟ. ಅಂಕ ಐದೂವರೆ–ಐದೂವರೆ ಸಮ. ಬಿಳಿ ಕಾಯಿ ವೆಸೆಲಿನ್ ಟೋಪಲೋವ್ ಅವರದು, ಊರೂ ಅವರ ದೇಶದ್ದೇ. ವಿಶ್ವನಾಥನ್ ಆನಂದ್ ಕಪ್ಪಿನಲ್ಲಿ ಆರಿಸಿಕೊಂಡದ್ದು ಇದೇ ಲಾಸ್ಕರ್ ರಕ್ಷಣೆಯನ್ನು. ಅಲ್ಲಿ ಬಿಳಿ ಹತ್ತನೆಯ ನಡೆಯಲ್ಲಿ ಒಂಟೆಯನ್ನು ಇ2ಕ್ಕೆ ತಂದಿತ್ತು. ಆನಂದ್ ಮುಂಬಾಗಿಲಿನ ಬದಲು ಹಿತ್ತಿಲ ಬಾಗಿಲನ್ನು ಹಿಡಿದು, ಬಿ6 ಮತ್ತು ಸಿ5 ಆಡಿದರು. ಆ ಆಟದಲ್ಲಿ ಕಪ್ಪಿನ ಈ ಒಂಟೆಯೊಂದನ್ನೇ ನೋಡುತ್ತ ಹೋಗಿ: ಬಿ7, ಅಲ್ಲಿಂದ ಎ6, ಡಿ3ರೊಳಗೆ ಒಮ್ಮೆ ಇಣುಕು, ಮತ್ತೆ ಎ6, ಮತ್ತೆ ಬಿ7, ಕೊನೆಗೆ ಮೂಲೆಯ ಎ8. ನೋಡಿದವರಿಗೆ ಅಲೆಮಾರಿಯಂತೆ ಕಾಣಬೇಕು. ಆದರೆ 31ನೆಯ ನಡೆಯಲ್ಲಿ ಆನಂದ್ ಇ5ರ ಕಾಲಾಳನ್ನು ಇ4ಕ್ಕೆ ತಳ್ಳಿದರು, ಟೋಪಲೋವ್ ಅದನ್ನು ಎಫ್ ಕಾಲಾಳಿನಿಂದ ಹೊಡೆದರು, ರಾಣಿ ಇ4ರಲ್ಲಿ ಹೊಡೆದು ಚೆಕ್ ಕೊಟ್ಟಳು. ಬಿಳಿ ರಾಜನ ಮುಂದಿನ ಮರೆ ಕಿತ್ತುಹೋಗಿ, ಎ8ರ ಒಂಟೆ ಕಾಯುತ್ತಿದ್ದ ಉದ್ದ ಕರ್ಣ ಅವನ ಮನೆಯ ಅಂಗಳಕ್ಕೇ ತೆರೆದುಕೊಂಡಿತು. ರಾಜ ಓಡಿದ, ಕೊನೆಗೆ ರಾಣಿಯನ್ನೇ ಬಿಟ್ಟುಕೊಡಬೇಕಾಯಿತು. ಆನಂದ್ ಪಟ್ಟ ಉಳಿಸಿಕೊಂಡರು. ಸತ್ತ ಒಂಟೆ ಎನ್ನುವವರಿಗೆ ಈ ಆಟವನ್ನು ಹಲಗೆಯ ಮೇಲೆ ಆಡಿ ತೋರಿಸಿ.

ಬಿಳಿ ಬೇರೆ ಏನಾದರೂ ಆಡಿದರೆ ಎಂಬ ಆತಂಕ ಬೇಡ. ಒಂಬತ್ತನೆಯ ನಡೆಯಲ್ಲಿ ರಾಣಿ ಸಿ2 ಬಂದರೆ ಸಿ3ರಲ್ಲಿ ಕುದುರೆಯನ್ನು ಹೊಡೆದು, ನಂತರ ಸಿ4ರ ಕಾಲಾಳನ್ನು ಹೊಡೆದು, ಬಿ6 ಆಡಿ ಒಂಟೆಯನ್ನು ಬಿ7ಕ್ಕೆ ತನ್ನಿ. ಒಂಬತ್ತನೆಯದಾಗಿ ಡಿ5ರಲ್ಲಿ ಹೊಡೆದರೆ ನೀವೂ ಮೊದಲು ಸಿ3ರಲ್ಲಿ ಹೊಡೆದು, ಆಮೇಲೆ ಇ ಕಾಲಾಳಿನಿಂದ ಡಿ5ರಲ್ಲಿ ಹೊಡೆಯಿರಿ. ಬಾಗಿಲು ತಾನಾಗಿ ತೆರೆಯಿತು. ಏಳನೆಯ ನಡೆಯಲ್ಲಿ ಬಿಳಿ ಹಿಂದೆ ಸರಿಯದೆ ಎಫ್6ರ ಕುದುರೆಯನ್ನೇ ಹೊಡೆದರೆ ಒಂಟೆಯಿಂದ ಹೊಡೆದು, ಸಿ6, ಕುದುರೆ ಡಿ7, ಡಿ×ಸಿ4, ಇ5 ಎಂಬ ಅದೇ ಕ್ರಮ ಹಿಡಿಯಿರಿ.

ನಿಮ್ಮ ಮಟ್ಟದ ಟೂರ್ನಿಗಳಲ್ಲಿ ನಿಜವಾದ ಪರೀಕ್ಷೆ ಬರುವುದು ಎಕ್ಸ್‌ಚೇಂಜ್ ಮಾರ್ಗದಲ್ಲಿ, ಅಂದರೆ ಬಿಳಿ ನಾಲ್ಕನೆಯ ನಡೆಯಲ್ಲೇ 4.ಸಿ×ಡಿ5 ಇ×ಡಿ5 ಎಂದು ಲೆಕ್ಕ ಚುಕ್ತಾ ಮಾಡಿದಾಗ. ಒಂಟೆಗೆ ದಾರಿ ಬಿಟ್ಟಿಯಾಗಿ ಸಿಕ್ಕಿತು ಎಂದು ಹಿಗ್ಗುವ ಮೊದಲು ನೋಡಿ: 5.ಒಂಟೆ ಜಿ5 ಒಂಟೆ ಇ7 6.ಇ3 ಕ್ಯಾಸಲಿಂಗ್ 7.ಒಂಟೆ ಡಿ3 ಸಿ6 8.ರಾಣಿ ಸಿ2. ಎಫ್5ರ ಮೇಲೆ ಬಿಳಿಯ ಒಂಟೆ, ರಾಣಿ ಎರಡೂ ಕಣ್ಣಿಟ್ಟಿವೆ. ಬಾಗಿಲು ತೆರೆದಿದ್ದರೂ ಹೊಸ್ತಿಲಲ್ಲಿ ಕಾವಲಿದೆ. ಬಿಳಿಯ ಯೋಜನೆ ಸರಳ, ನಿಧಾನ, ಅಪಾಯಕಾರಿ. ರಾಣಿಯ ಕಡೆ ನಿಮಗೆ ಎ, ಬಿ, ಸಿ ಸಾಲುಗಳಲ್ಲಿ ಮೂರು ಕಾಲಾಳುಗಳು, ಬಿಳಿಗೆ ಎ ಮತ್ತು ಬಿ ಎರಡೇ. ಆ ಎರಡನ್ನು ಮುಂದೊತ್ತಿ ಬಿ5ಕ್ಕೆ ಬಂದು ಸಿ6ರಲ್ಲಿ ಹೊಡೆದರೆ, ನೀವು ಬಿ ಕಾಲಾಳಿನಿಂದ ಹೊಡೆಯಬೇಕಾಗಿ ಬಂದು ಸಿ6ರ ಕಾಲಾಳು ತೆರೆದ ಸಾಲಿನಲ್ಲಿ ಅನಾಥವಾಗಿ ನಿಲ್ಲುತ್ತದೆ. ಇದಕ್ಕೆ ಅಲ್ಪಸಂಖ್ಯಾತ ದಾಳಿ ಎಂದು ಹೆಸರು. ಮುಂದಿನ ಮೂವತ್ತು ನಡೆ ಆ ಒಂದು ಕಾಲಾಳನ್ನು ಕಾಯುವುದರಲ್ಲೇ ಕಳೆಯುತ್ತದೆ.

ಇದಕ್ಕೆ ಮದ್ದು ಹೀಗಿದೆ. 8...ಕುದುರೆ ಬಿ-ಡಿ7 (ಅಂದರೆ ಬಿ8ರ ಕುದುರೆ ಡಿ7ಕ್ಕೆ) 9.ಕುದುರೆ ಎಫ್3 ಆನೆ ಇ8 10.ಕ್ಯಾಸಲಿಂಗ್ ಕುದುರೆ ಎಫ್8. ಎಫ್8ರ ಕುದುರೆ ಎಚ್7ಕ್ಕೆ ಕಾವಲು ನಿಂತು, ಒಂಟೆಯ ಕರ್ಣವನ್ನೂ ತೆರವು ಮಾಡಿತು. ಬಿಳಿ ಬಿ4ರ ತಯಾರಿಗೆಂದು 11.ಆನೆಯನ್ನು ಬಿ1ಕ್ಕೆ ತಂದರೆ ನೀವು ಕುದುರೆಯನ್ನು ಇ4ಕ್ಕೆ ನುಗ್ಗಿಸಿ; ಲಾಸ್ಕರ್ ಮಾಡಿದ್ದೂ ಅದನ್ನೇ ಎಂಬುದು ನಿಮ್ಮ ಗಮನಕ್ಕೆ ಬಂದಿರಬಹುದು. ಕಪ್ಪು ಮನೆಗಳ ಒಂಟೆಗಳು ಬದಲಾದ ಮೇಲೆ ಆ ಕುದುರೆಗೆ ಇಡೀ ಹಲಗೆಯಲ್ಲಿ ಅತ್ಯುತ್ತಮ ಜಾಗ ಡಿ6: ಅಲ್ಲಿಂದ ಅದು ಬಿ5ರ ಮೇಲೂ ಕಣ್ಣಿಡುತ್ತದೆ, ಸಿ4ಕ್ಕೂ ಹಾರಬಲ್ಲದು, ಎಫ್5ನ್ನೂ ಕಾಯುತ್ತದೆ. ಇನ್ನೊಂದು ಉಪಾಯ, ಬಿ4 ಬರುವ ಮೊದಲೇ ಎ5 ಆಡಿ ಬಿಳಿಯಿಂದ ಎ3 ಆಡಿಸುವುದು; ಆಮೇಲೆ ಬಿ4 ಬಂದರೆ ಎ×ಬಿ4 ಎ×ಬಿ4 ಆಗಿ ಎ ಸಾಲು ನಿಮ್ಮ ಆನೆಗೆ ತೆರೆದುಕೊಳ್ಳುತ್ತದೆ. ಬಿಳಿಯ ದಾಳಿ ಕಂಡು ಗಾಬರಿಯಾಗಿ ನೀವೇ ಬಿ5 ಆಡುವುದು ಮಾತ್ರ ಬೇಡ. ಕುದುರೆ ಸಿ4ಕ್ಕೆ ತಲುಪುವುದು ಖಚಿತವಿದ್ದಾಗ ಅದು ಒಳ್ಳೆಯ ನಡೆ, ಇಲ್ಲವಾದರೆ ಸಿ6ರಲ್ಲಿ ಗುಂಡಿ ತೋಡಿಕೊಂಡಂತೆ. ಬಿಳಿ ಕುದುರೆಯನ್ನು ಎಫ್3ರ ಬದಲು ಇ2ಕ್ಕೆ ತಂದರೆ ಅವನ ಮನಸ್ಸಿನಲ್ಲಿರುವುದು ಎಫ್3 ಮತ್ತು ಇ4. ಆಗ ರಾಣಿಯ ಕಡೆಯ ಚಿಂತೆ ಬಿಟ್ಟು ಸಿ5 ಆಡಿ ನಡುವನ್ನು ಹೊಡೆಯುವ ತಯಾರಿ ಮಾಡಿಕೊಳ್ಳಿ.

ಬಿಳಿ ಅವಸರಪಟ್ಟು ಕುದುರೆಯನ್ನು ಮೊದಲೇ ಎಫ್3ಕ್ಕೆ ತಂದು, ನಂತರ ಡಿ5ರಲ್ಲಿ ಹೊಡೆದರೆ ನಿಮ್ಮ ಕೆಲಸ ಹಗುರ. ಆಗ ಸಿ6ರ ನಂತರ ಒಂಟೆ ಎಫ್5ಕ್ಕೆ ಸುಲಭವಾಗಿ ಬರುತ್ತದೆ. ರಾಣಿ ಸಿ2ಕ್ಕೆ ಬಂದು ತಡೆದರೆ ಜಿ6 ಆಡಿ, ಆಮೇಲೆ ಒಂಟೆ ಎಫ್5. ಇದರಲ್ಲೂ ಒಂದು ಎಚ್ಚರಿಕೆ ಇದೆ. 2024ರ ನವೆಂಬರ್‌ನಲ್ಲಿ ಸಿಂಗಪುರದ ವಿಶ್ವ ಚಾಂಪಿಯನ್‌ಶಿಪ್‌ನ ಮೂರನೆಯ ಆಟದಲ್ಲಿ ಡಿಂಗ್ ಲಿರೆನ್ ಇದೇ ಜಿ6, ಒಂಟೆ ಎಫ್5 ದಾರಿಯಲ್ಲಿ ಒಂಟೆಯನ್ನು ಹೊರತಂದರು. ಅದು ಅಲ್ಲಿಗೆ ನಿಲ್ಲದೆ ಬಿಳಿಯ ಪಾಳಯದ ಸಿ2ಕ್ಕೆ ಹೋಗಿ ಸಿಕ್ಕಿಬಿತ್ತು, ಗುಕೇಶ್ ಆ ಆಟ ಗೆದ್ದರು. ಒಳಗೆ ಸಿಕ್ಕ ಒಂಟೆಯನ್ನಾದರೂ ಬಿಡಿಸಬಹುದು, ವೈರಿಯ ಮನೆಯಲ್ಲಿ ಸಿಕ್ಕಿದ್ದನ್ನು ಬಿಡಿಸುವುದು ಕಷ್ಟ.

ಈ ಸಂದರ್ಭದಲ್ಲೇ ಆನೆಯ ಬಲೆ ಎಂದು ಹೆಸರಾದ ಒಂದು ತಂತ್ರವನ್ನೂ ಹೇಳಿಬಿಡುತ್ತೇನೆ. ನಾಲ್ಕನೆಯ ನಡೆಯಲ್ಲಿ ಒಂಟೆ ಇ7 ಬದಲು ಕುದುರೆ ಬಿ-ಡಿ7 ಆಡಿದರೆ, 5.ಸಿ×ಡಿ5 ಇ×ಡಿ5 ಆದ ಮೇಲೆ ಎಫ್6ರ ಕುದುರೆ ರಾಣಿಗೆ ಅಡ್ಡ ಕಟ್ಟಿಬಿದ್ದಿದೆ ಎಂದು ನಂಬಿ ಬಿಳಿ 6.ಕುದುರೆ×ಡಿ5 ಆಡುವುದುಂಟು. 6...ಕುದುರೆ×ಡಿ5! 7.ಒಂಟೆ×ಡಿ8 ಒಂಟೆ ಬಿ4 ಚೆಕ್. ಬಿಳಿಗೆ ರಾಣಿಯನ್ನು ಡಿ2ರಲ್ಲಿ ಅಡ್ಡ ಹಾಕುವುದು ಬಿಟ್ಟು ದಾರಿಯಿಲ್ಲ, 8...ಒಂಟೆ×ಡಿ2 9.ರಾಜ×ಡಿ2 ರಾಜ×ಡಿ8. ಲೆಕ್ಕ ಹಾಕಿದರೆ ನಿಮ್ಮ ಕೈಯಲ್ಲಿ ಒಂದು ಕಾಲಾಳಿನ ಬದಲು ಒಂದು ಕುದುರೆ ಹೆಚ್ಚು. ಬಲೆಗಾಗಿ ನಿಮ್ಮ ದಾರಿ ಬದಲಿಸಿಕೊಳ್ಳಬೇಡಿ. ಶಾಲೆಯ ಮಕ್ಕಳಿಗೆ ತೋರಿಸಿದರೆ ಮಾತ್ರ ಅವರು ವಾರವಿಡೀ ಅದನ್ನೇ ಆಡಿಕೊಂಡಿರುತ್ತಾರೆ.

ಇನ್ನು ಲಂಡನ್ ಸಿಸ್ಟಮ್. 2.ಸಿ4 ಆಡದೆ 2.ಒಂಟೆ ಎಫ್4 ಆಡುವವರು ಈಗ ನಮ್ಮ ಟೂರ್ನಿಗಳಲ್ಲಿ ಎಲ್ಲ ಕಡೆ ಇದ್ದಾರೆ. ಕ್ವೀನ್ಸ್ ಗ್ಯಾಂಬಿಟ್‌ಗಿಂತ ಇದನ್ನೇ ನೀವು ಹೆಚ್ಚು ಎದುರಿಸಬೇಕಾದೀತು. ಕಾರೊ-ಕಾನ್ ರೂಢಿಯಿಂದ ನಿಮ್ಮ ಕೈ ತಕ್ಷಣ ಒಂಟೆಯನ್ನು ಎಫ್5ಕ್ಕೆ ತರಲು ಹೋಗುತ್ತದೆ. ಬಿಳಿ ಸಿ4 ಆಡಿ ರಾಣಿಯನ್ನು ಬಿ3ಕ್ಕೆ ತಂದರೆ ಸ್ಲಾವ್‌ನ ಅದೇ ಬಿ7ರ ತಲೆನೋವು ಇಲ್ಲೂ ಬರುತ್ತದೆ. ಅದಕ್ಕೆ ಬದಲು 2...ಕುದುರೆ ಎಫ್6 3.ಇ3 ಸಿ5 4.ಸಿ3 ಕುದುರೆ ಸಿ6 5.ಕುದುರೆ ಡಿ2 ಇ6 6.ಕುದುರೆ ಜಿ-ಎಫ್3 ಒಂಟೆ ಡಿ6. ಬಿಳಿ ಡಿ6ರಲ್ಲಿ ಹೊಡೆದರೆ ರಾಣಿಯಿಂದ ಹೊಡೆದು ಇ5 ಆಡಲು ಸಜ್ಜಾಗಿ, ಮತ್ತೆ ಮುಂಬಾಗಿಲು. ಬಿಳಿ ಜಿ3ಕ್ಕೆ ಸರಿದರೆ ಕ್ಯಾಸಲಿಂಗ್, ಬಿ6, ಒಂಟೆ ಬಿ7: ಹಿತ್ತಿಲ ಬಾಗಿಲು. ಬಿಳಿ ಕುದುರೆಯನ್ನು ಇ5ರಲ್ಲಿ ನೆಟ್ಟು ಎಫ್4 ಆಡಿ ರಾಜನ ಮೇಲೆ ದಾಳಿ ಮಾಡುವ ಹುಮ್ಮಸ್ಸು ತೋರಿದರೆ, ಸಿ6ರ ಕುದುರೆಯನ್ನು ಇ7ಕ್ಕೆ ಹಿಂತೆಗೆದು ಎಫ್5ರ ಕಡೆಗೆ ತಿರುಗಿಸಿ. ಅದು ಜಿ3ರ ಒಂಟೆಯನ್ನು ಕೆಣಕುತ್ತದೆ, ಬಿ7ರ ಒಂಟೆ ಇ4 ಮನೆಯನ್ನು ಕಾಯುತ್ತದೆ. ಎಫ್6ರ ಕುದುರೆಯನ್ನು ಮಾತ್ರ ಸುಲಭಕ್ಕೆ ಬದಲಾಯಿಸಿಕೊಳ್ಳಬೇಡಿ. ಅದು ಹೋದ ದಿನ ಡಿ3ರ ಒಂಟೆ ಎಚ್7ರಲ್ಲಿ ಬಲಿ ಬಿದ್ದು, ಬಿಳಿಯ ರಾಣಿ ಎಚ್5ಕ್ಕೆ ಬರುವ ಆಟವನ್ನು ಎದುರಿಸಬೇಕಾಗುತ್ತದೆ.

ಕ್ಯಾಟಲಾನ್, ಅಂದರೆ ಬಿಳಿ ಜಿ3 ಆಡಿ ಒಂಟೆಯನ್ನು ಜಿ2ಕ್ಕೆ ತರುವ ದಾರಿ, ನಿಮಗೆ ಅಪರೂಪ. ಒಂಟೆ ಇ7, ಕ್ಯಾಸಲಿಂಗ್, ಡಿ×ಸಿ4, ರಾಣಿ ಸಿ2 ಬಂದಾಗ ಎ6. ರಾಣಿ ಸಿ4ರಲ್ಲಿ ಹೊಡೆದರೆ ಬಿ5 ಆಡಿ ಒಂಟೆ ಬಿ7ಕ್ಕೆ. ಬಿಳಿ ಎ4 ಆಡಿ ಅದನ್ನು ತಡೆದರೆ ಒಂಟೆ ಡಿ7ರ ಮೂಲಕ ಸಿ6ಕ್ಕೆ. ಬಿಳಿ 4.ಕುದುರೆ ಎಫ್3 ಒಂಟೆ ಇ7 ಆದ ಮೇಲೆ ಐದನೆಯ ನಡೆಯಲ್ಲಿ ಒಂಟೆಯನ್ನು ಜಿ5ರ ಬದಲು ಎಫ್4ಕ್ಕೆ ತಂದರೆ ಕ್ಯಾಸಲಿಂಗ್ ಮಾಡಿ, 6.ಇ3 ಬಂದ ಕೂಡಲೇ ಸಿ5 ಆಡಿ. ಎರಡನೆಯ ನಡೆಯಲ್ಲೇ ಬಿಳಿ ಇ4 ಕಾಲಾಳನ್ನು ಬಲಿ ಕೊಡುವ ಹುಚ್ಚು ಗ್ಯಾಂಬಿಟ್ ರಾಪಿಡ್ ಟೂರ್ನಿಗಳಲ್ಲಿ ಬರುತ್ತದೆ. ನಿಮಗೆ ಅದರ ಸಿದ್ಧಾಂತ ಓದುವ ಅಗತ್ಯವೇ ಇಲ್ಲ, 2...ಸಿ6 ಆಡಿದರೆ ಅದು ನಿಮ್ಮ ಕಾರೊ-ಕಾನ್ (1.ಇ4 ಸಿ6 2.ಡಿ4 ಡಿ5) ಆಗಿಹೋಗುತ್ತದೆ.

ಅರ್ಧ ಗಂಟೆಯ ಪ್ರಶ್ನೆ ಉಳಿಯಿತು. ಮೊದಲ ತಿಂಗಳು ಕಂಪ್ಯೂಟರ್ ಎಂಜಿನ್ ತೆರೆಯಬೇಡಿ. ಅದು ಪ್ರತಿ ಸ್ಥಿತಿಗೂ ಸೊನ್ನೆಯ ಆಸುಪಾಸಿನ, ಅಂದರೆ ಸಮಬಲದ, ಅಂಕಿ ತೋರಿಸುತ್ತದೆ, ಒಂಟೆ ಯಾಕೆ ಬಿ7ಕ್ಕೇ ಹೋಯಿತು ಎಂದು ಹೇಳುವುದಿಲ್ಲ. ಹಲಗೆ ಹರವಿ, ದಿನಕ್ಕೊಂದು ಹಳೆಯ ಆಟವನ್ನು ಕೈಯಿಂದ ಆಡಿ ನೋಡಿ. 1927ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಕಪಾಬ್ಲಾಂಕ ಮತ್ತು ಅಲೆಖಿನ್ ವಿಶ್ವ ಪಟ್ಟಕ್ಕಾಗಿ 34 ಆಟ ಆಡಿದರು. ಅದರಲ್ಲಿ 32 ಕ್ವೀನ್ಸ್ ಗ್ಯಾಂಬಿಟ್ ಡಿಕ್ಲೈನ್ಡ್, 25 ಡ್ರಾ. ಬೇಸರದ ಸರಣಿ ಎಂದು ಹೆಸರು ಪಡೆದರೂ, ಇಕ್ಕಟ್ಟಿನಲ್ಲಿ ತಾಳ್ಮೆಯಿಂದ ಕಾಯಿ ಬದಲಾಯಿಸುವುದನ್ನು ಕಲಿಯಲು ಅದಕ್ಕಿಂತ ಒಳ್ಳೆಯ ಶಾಲೆ ನನಗೆ ಗೊತ್ತಿಲ್ಲ. ಗದಗಿನಿಂದ ಹುಬ್ಬಳ್ಳಿಗೆ ರೈಲಿನಲ್ಲಿ ಬರುವಾಗ ಅಣ್ಣಿಗೇರಿ ದಾಟುವಷ್ಟರಲ್ಲಿ ಒಂದು ಆಟವನ್ನು ಮನಸ್ಸಿನಲ್ಲೇ ಆಡಿ ಮುಗಿಸಬಹುದು.

ನಿಮ್ಮ ಮುಂದಿನ ಟೂರ್ನಿಯಲ್ಲಿ ಕಪ್ಪು ಬಂದ ಪ್ರತಿ ಆಟದ ಸ್ಕೋರ್‌ಶೀಟಿನ ಮೇಲ್ತುದಿಯಲ್ಲಿ, ಆಟ ಮುಗಿದ ಮೇಲೆ, ಸಿ8ರ ಒಂಟೆ ಮೊದಲು ಕದಲಿದ್ದು ಎಷ್ಟನೆಯ ನಡೆಯಲ್ಲಿ ಎಂದು ಬರೆದುಕೊಳ್ಳಿ. ಅದರ ಪಕ್ಕದಲ್ಲಿ ಫಲಿತಾಂಶವನ್ನೂ ಬರೆಯಿರಿ. ಹತ್ತು ಆಟಗಳಾದ ಮೇಲೆ ಆ ಹಾಳೆಗಳನ್ನು ನನಗೆ ಕಳಿಸಿದರೆ ಎಕ್ಸ್‌ಚೇಂಜ್ ಮಾರ್ಗದ ಮುಂದಿನ ಪಾಠವನ್ನು ಅಲ್ಲಿಂದ ಶುರು ಮಾಡುತ್ತೇನೆ.